ಹೊಲಿಗೆಯೇ ಅಲಂಕಾರ, ಹೊಲಿಗೆಯೇ ಆಧಾರ

ಗ್ರಂಥಗಳನ್ನು ಕೈಯಿಂದ ಪ್ರತಿ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಲಿಪಿಕಾರರು ಕೊನೆಯ ಪುಟದಲ್ಲಿ ಒಂದು ಪ್ರಾರ್ಥನೆಯನ್ನು ಬರೆದಿಡುವ ವಾಡಿಕೆಯಿತ್ತು. ಅದರಲ್ಲಿ ಮಾತನಾಡುವವನು ಲಿಪಿಕಾರನಲ್ಲ, ಸ್ವತಃ ಪುಸ್ತಕವೇ. ಎಣ್ಣೆಯಿಂದ ನನ್ನನ್ನು ಕಾಪಾಡಿರಿ, ನೀರಿನಿಂದ ಕಾಪಾಡಿರಿ, ಸಡಿಲವಾದ ಕಟ್ಟಿನಿಂದ ಕಾಪಾಡಿರಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿರಿ ಎಂಬುದು ಅದರ ಬೇಡಿಕೆಯ ಸಾರ. ಎಣ್ಣೆ ಮತ್ತು ನೀರು ಪುಸ್ತಕದ ಶತ್ರುಗಳೆಂಬುದು ಎಲ್ಲರಿಗೂ ತಿಳಿದ ವಿಷಯ. ಅವುಗಳ ಸಾಲಿನಲ್ಲಿಯೇ ಸಡಿಲವಾದ ಕಟ್ಟನ್ನೂ ಸೇರಿಸಿದ ಆ ಲಿಪಿಕಾರರ ಅನುಭವ ದೊಡ್ಡದು. ಬರೆದ ಅಕ್ಷರ ಎಷ್ಟೇ ಸುಂದರವಾಗಿದ್ದರೂ, ಹಾಳೆಯನ್ನು ಹಾಳೆಯೊಡನೆ ಹಿಡಿದಿಡುವ ದಾರ ಸೋತರೆ ಗ್ರಂಥವೇ ಸೋಲುತ್ತದೆ.

ಆ ದಾರದ ಕಥೆ ಕುತೂಹಲಕರವಾದುದು. ತಾಳೆಗರಿಯ ಗ್ರಂಥಕ್ಕೆ ಹೊಲಿಗೆಯ ಅಗತ್ಯವಿರಲಿಲ್ಲ. ಗರಿಗಳಲ್ಲಿ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಎರಡು ಮರದ ಹಲಗೆಗಳನ್ನಿಟ್ಟು ಸುತ್ತಿದರೆ ಸಾಕಾಗಿತ್ತು. ಕರ್ನಾಟಕದ ಕಡತಗಳಿಗೂ ಹೊಲಿಗೆಯಿಲ್ಲ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಹಚ್ಚಿ, ಒಣಗಿಸಿ, ಬೀಸಣಿಗೆಯಂತೆ ಹಿಂದುಮುಂದಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಜ್ಞರಿಗೆ ಸುಪರಿಚಿತ. ಗರಿಯನ್ನು ಪೋಣಿಸಿದರು, ಬಟ್ಟೆಯನ್ನು ಮಡಿಸಿದರು. ಹಾಳೆಗಳನ್ನು ನಡುವೆ ಮಡಿಸಿ ಕಂತೆ ಕಂತೆಯಾಗಿ ಜೋಡಿಸುವ ಪುಸ್ತಕ ಬಂದಾಗಲೇ ಸೂಜಿಗೆ ಕೆಲಸ ಬಂದಿತು. ಆ ಸೂಜಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಪುಸ್ತಕವನ್ನು ಕಟ್ಟಿತು, ಕಟ್ಟುತ್ತಲೇ ಅದರ ಬೆನ್ನಿನ ಮೇಲೆ ಚಿತ್ತಾರವನ್ನೂ ಬಿಡಿಸಿತು.

ಮಡಿಕೆ, ಸೂಜಿ, ದಾರ

ಹೊಲಿದ ಪುಸ್ತಕದ ರಚನೆ ಸರಳವಾದುದು. ಮುದ್ರಿಸಿದ ದೊಡ್ಡ ಹಾಳೆಯನ್ನು ಮೂರು ಬಾರಿ ಮಡಿಸಿದರೆ 16 ಪುಟಗಳ ಒಂದು ಕಂತೆಯಾಗುತ್ತದೆ. ಮುದ್ರಣಾಲಯದವರು ಇದನ್ನು ಫಾರಂ ಎನ್ನುತ್ತಾರೆ. 320 ಪುಟಗಳ ಪುಸ್ತಕದಲ್ಲಿ ಇಂಥ 20 ಫಾರಂಗಳಿರುತ್ತವೆ. ಪ್ರತಿಯೊಂದು ಫಾರಮಿನ ಮಡಿಕೆಯಲ್ಲಿ ದಬ್ಬಳದಿಂದ ಒಂದೇ ಅಳತೆಯಲ್ಲಿ ರಂಧ್ರಗಳನ್ನು ಮಾಡಿ, ಅವುಗಳ ಮೂಲಕ ದಾರವನ್ನು ಒಳಕ್ಕೂ ಹೊರಕ್ಕೂ ಹಾಯಿಸಿ, ಒಂದು ಫಾರಮನ್ನು ಮುಂದಿನದರೊಡನೆ ಕೂಡಿಸುತ್ತಾ ಹೋಗುವುದೇ ಹೊಲಿಗೆ. ತುದಿಗೆ ಬಂದಾಗ ದಾರವನ್ನು ಕೆಳಗಿನ ಫಾರಮಿನ ದಾರದ ಸುತ್ತ ಹಾಯಿಸಿ ಒಂದು ಸಣ್ಣ ಗಂಟು ಹಾಕಿದರೆ ಸಾಲು ಭದ್ರವಾಗುತ್ತದೆ.

ಈ ಕೆಲಸಕ್ಕೆ ನಾರಿನಿಂದ ನೂತ ಲಿನನ್ ದಾರವೇ ಉತ್ತಮ. ಅದಕ್ಕೆ ಜೇನುಮೇಣವನ್ನು ಸವರುವುದುಂಟು. ಮೇಣ ಹಚ್ಚಿದ ದಾರ ಸಿಕ್ಕುಗಟ್ಟುವುದಿಲ್ಲ, ಹಾಕಿದ ಗಂಟು ಜಾರುವುದಿಲ್ಲ. ದಾರದ ದಪ್ಪದಲ್ಲಿಯೂ ಲೆಕ್ಕವಿದೆ. ಪ್ರತಿ ಮಡಿಕೆಯಲ್ಲಿಯೂ ಒಂದೊಂದು ಎಳೆ ಸೇರುವುದರಿಂದ ಪುಸ್ತಕದ ಬೆನ್ನು ಸ್ವಲ್ಪ ಉಬ್ಬುತ್ತದೆ. ದಾರ ಅತಿ ದಪ್ಪವಾದರೆ ಬೆನ್ನು ಊದಿಕೊಂಡು ಪುಸ್ತಕ ಸರಿಯಾಗಿ ಮುಚ್ಚುವುದಿಲ್ಲ. ಅತಿ ತೆಳುವಾದರೆ ದಾರವೇ ಕಾಗದವನ್ನು ಕೊಯ್ದುಬಿಡುತ್ತದೆ. ಮಾನವನ ದೇಹದಲ್ಲಿ ಬೆನ್ನುಮೂಳೆಗೆ ಗಟ್ಟಿತನ, ಬಾಗುವ ಗುಣ ಎರಡೂ ಬೇಕಾಗಿರುವಂತೆಯೇ ಪುಸ್ತಕದ ಬೆನ್ನಿಗೂ ಎರಡೂ ಬೇಕು.

ಜಡೆಯಂಥ ಹೊಲಿಗೆ

ಹೊರಗೆ ಕಾಣುವ ಹೊಲಿಗೆಗಳಲ್ಲಿ ಅತ್ಯಂತ ಪ್ರಾಚೀನವಾದುದು ಈಜಿಪ್ತಿನ ಕಾಪ್ಟಿಕ್ ಕ್ರೈಸ್ತರ ಹೆಸರಿನಿಂದ ಪ್ರಸಿದ್ಧವಾಗಿರುವ ಸರಪಣಿ ಹೊಲಿಗೆ. ಹೊಸ ಫಾರಮಿನಿಂದ ಹೊರಬಂದ ದಾರ ಹಿಂದಿನ ಫಾರಮಿನ ಹೊಲಿಗೆಯ ಹಿಂಬದಿಯಲ್ಲಿ ನುಸುಳಿ, ತಾನು ಹೊರಬಂದ ರಂಧ್ರದಲ್ಲಿಯೇ ಮತ್ತೆ ಒಳಹೋಗುತ್ತದೆ. ಹೀಗೆ ಒಂದರ ಮೇಲೊಂದು ಕುಣಿಕೆ ಕೂಡುತ್ತಾ ಹೋದಂತೆ ಬೆನ್ನಿನ ಮೇಲೆ ಬಿಗಿಯಾಗಿ ಹೆಣೆದ ಜಡೆಗಳು ಸಾಲಾಗಿ ಮೂಡುತ್ತವೆ. ಇದರಲ್ಲಿ ಅಂಟಿನ ಅವಶ್ಯಕತೆಯಿಲ್ಲ. ರಟ್ಟನ್ನು ಅಥವಾ ಮರದ ಹಲಗೆಯನ್ನು ಕೂಡ ಅದೇ ದಾರ ಹಿಡಿದುಕೊಳ್ಳುತ್ತದೆ. ಇಂಥ ಪುಸ್ತಕವನ್ನು ಎಲ್ಲಿ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಇಥಿಯೋಪಿಯಾದ ಕ್ರೈಸ್ತ ಗ್ರಂಥಗಳನ್ನು ಈ ಪದ್ಧತಿಯ ಹೊಲಿಗೆಯಿಂದ ಮರದ ಹಲಗೆಗಳ ನಡುವೆ ಕಟ್ಟುವ ಕಲೆ ಇಂದಿಗೂ ಉಳಿದು ಬಂದಿದೆ.

ಈ ಹೊಲಿಗೆಯ ಬಾಳಿಕೆಗೆ ಒಂದು ಪುಟ್ಟ ಪುಸ್ತಕವೇ ಸಾಕ್ಷಿ. ಎಂಟನೆಯ ಶತಮಾನದ ಆದಿಭಾಗದಲ್ಲಿ ಈಶಾನ್ಯ ಇಂಗ್ಲೆಂಡಿನಲ್ಲಿ ಸಿದ್ಧವಾದ, ಅಂಗೈಯಗಲದ ಯೋಹಾನನ ಸುವಾರ್ತೆಯ ಪ್ರತಿಯೊಂದನ್ನು ಸಂತ ಕತ್ಬರ್ಟನ ಶವಪೆಟ್ಟಿಗೆಯಲ್ಲಿ ಇರಿಸಲಾಗಿತ್ತು. 1104ರಲ್ಲಿ ಡರ್ಹಮ್ ನಗರದಲ್ಲಿ ಆ ಪೆಟ್ಟಿಗೆಯನ್ನು ತೆರೆದಾಗ ಪುಸ್ತಕ ಹೊರಬಂದಿತು. ಅಂದಿನ ಹಾಳೆ, ಅಂದಿನ ಹಲಗೆ, ಅಂದಿನ ಚರ್ಮ, ಅಂದಿನದೇ ಸರಪಣಿ ಹೊಲಿಗೆ. ಯುರೋಪಿನಲ್ಲಿ ಮೂಲ ಕಟ್ಟಿನೊಡನೆಯೇ ಪೂರ್ಣವಾಗಿ ಉಳಿದಿರುವ ಪುಸ್ತಕಗಳಲ್ಲಿ ಇದೇ ಅತ್ಯಂತ ಹಳೆಯದು. 2012ರಲ್ಲಿ ಬ್ರಿಟಿಷ್ ಲೈಬ್ರರಿಯು 90 ಲಕ್ಷ ಪೌಂಡುಗಳನ್ನು ತೆತ್ತು ಇದನ್ನು ತನ್ನದಾಗಿಸಿಕೊಂಡಿತು. ಹದಿಮೂರು ಶತಮಾನಗಳ ಕಾಲ ಈ ಸಂಪತ್ತನ್ನು ಒಟ್ಟಾಗಿ ಹಿಡಿದಿರುವುದು ಕೆಲವು ಮೊಳ ದಾರ.

ವರ್ತಕನ ಲೆಕ್ಕದ ಪುಸ್ತಕ

ಅಲಂಕಾರದ ಹೊಲಿಗೆ ಎಂದೊಡನೆ ಅರಮನೆಯ ಗ್ರಂಥಭಂಡಾರವನ್ನು ಊಹಿಸಿಕೊಳ್ಳುವುದು ಸಹಜ. ವಾಸ್ತವವಾಗಿ ಈ ಕಲೆಯ ಒಂದು ಮುಖ್ಯ ತವರು ವರ್ತಕರ ಅಂಗಡಿ ಮತ್ತು ಸರ್ಕಾರದ ದಫ್ತರು. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಜರ್ಮನ್ ಭಾಷೆಯ ನಾಡುಗಳಲ್ಲಿ ಕಡತಗಳನ್ನೂ ಲೆಕ್ಕಪತ್ರಗಳನ್ನೂ ಮೆದುವಾದ ಚರ್ಮಪತ್ರದ ಹೊದಿಕೆಯೊಳಗಿಟ್ಟು, ಹೊದಿಕೆಯ ಬೆನ್ನಿನ ಮೂಲಕವೇ ನೇರವಾಗಿ ಹೊಲಿಯುತ್ತಿದ್ದರು. ದಾರ ಬೆನ್ನಿನ ಹೊರಗೆ ಉದ್ದುದ್ದವಾಗಿ ಮಲಗುವುದರಿಂದ ಇದಕ್ಕೆ ಉದ್ದಹೊಲಿಗೆ ಎಂಬ ಹೆಸರು. ದಾರದ ಎಳೆತಕ್ಕೆ ಚರ್ಮ ಹರಿಯದಿರಲೆಂದು ಬೆನ್ನಿಗೆ ಕೊಂಬಿನ ಅಥವಾ ಗಟ್ಟಿ ಚರ್ಮದ ತಗಡೊಂದನ್ನು ಇಟ್ಟು, ಅದರಲ್ಲಿ ರಂಧ್ರಗಳನ್ನು ಕೊರೆಯುತ್ತಿದ್ದರು. ರಂಧ್ರಗಳ ಸ್ಥಾನ ಬದಲಾದಂತೆ ಬೆನ್ನಿನ ಮೇಲಿನ ವಿನ್ಯಾಸವೂ ಬದಲಾಗುತ್ತಿತ್ತು: ಕೆಲವೆಡೆ ಸಮಾನಾಂತರ ಗೆರೆಗಳು, ಕೆಲವೆಡೆ ಸರಪಣಿ, ಕೆಲವೆಡೆ ಒಂದನ್ನೊಂದು ದಾಟುವ ಎಳೆಗಳು.

ಇಟಲಿಯ ವರ್ತಕರ ದೊಡ್ಡ ಲೆಕ್ಕದ ಪುಸ್ತಕಗಳಲ್ಲಿ ಬೆನ್ನಿಗೆ ಅಡ್ಡಲಾಗಿ ಅಗಲವಾದ ಚರ್ಮದ ಪಟ್ಟಿಗಳಿದ್ದು, ಅವುಗಳನ್ನು ಬಿಳಿಯ ತೊಗಲಿನ ಸಣ್ಣ ಎಳೆಗಳಿಂದ ಕತ್ತರಿಯಾಕಾರದಲ್ಲಿ ಹೆಣೆದು ಬಿಗಿಯುತ್ತಿದ್ದರು. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ ಲೂಕಾ ಪಾಚೋಲಿಯ ಕಾಲದ ಲೆಕ್ಕದ ಪುಸ್ತಕಗಳು ಇಂಥವೇ. ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿದ ವಾಚಕರಿಗೆ ಇದರ ಕಾರಣ ಸುಲಭವಾಗಿ ಹೊಳೆದೀತು. ಲೆಡ್ಜರು ದಿನವೂ ತೆರೆಯಬೇಕಾದ ಪುಸ್ತಕ. ಒಳಅಂಚಿನವರೆಗೂ ಬರೆಯಲು ಅದು ಪೂರ್ತಿಯಾಗಿ ತೆರೆದುಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಅದರಿಂದ ಯಾರೂ ಒಂದು ಹಾಳೆಯನ್ನು ಗುಟ್ಟಾಗಿ ತೆಗೆಯುವಂತಿರಬಾರದು. ಮಡಿಕೆಯಲ್ಲಿ ಹೊಲಿದ ಪುಸ್ತಕದಲ್ಲಿ ಪ್ರತಿ ಹಾಳೆಗೂ ಮಡಿಕೆಯ ಆಚೆ ಬದಿಯಲ್ಲಿ ಒಂದು ಜೋಡಿ ಹಾಳೆ ಇರುತ್ತದೆ. ಒಂದನ್ನು ಹರಿದರೆ ಇನ್ನೊಂದು ಸಡಿಲವಾಗಿ ಕಳ್ಳತನವನ್ನು ಸಾರಿ ಹೇಳುತ್ತದೆ. ಪುಟಸಂಖ್ಯೆ ಮತ್ತು ಹೊಲಿಗೆ ಸೇರಿ ಕಾವಲು ಕಾಯುತ್ತವೆ. ಗಣಕಯಂತ್ರಗಳು ಬಂದು ಕಟ್ಟಿದ ಲೆಡ್ಜರುಗಳನ್ನು ಮೂಲೆಗೆ ಸರಿಸುವವರೆಗೂ ಈ ಕಾವಲು ನಡೆದೇ ಇತ್ತು.

ಮುಂಬಯಿಯ ಕನ್ನಡಿಗರಿಗೆ ಇದರ ಭಾರತೀಯ ಸೋದರ ಚಿರಪರಿಚಿತ. ಕೆಂಪು ಬಟ್ಟೆಯ ಮೆತ್ತನೆಯ ಹೊದಿಕೆ, ಅದರ ಮೇಲೆ ಬಿಳಿಯ ದಾರದ ಸಾಲುಹೊಲಿಗೆ, ಉದ್ದನೆಯ ಹಾಳೆಗಳು—ಗುಜರಾತಿ ಹಾಗೂ ಮಾರವಾಡಿ ವರ್ತಕರು ದೀಪಾವಳಿಯಂದು ಪೂಜಿಸುವ ಬಹಿಖಾತೆ. ಬಟ್ಟೆಯ ಪದರಗಳು ಜರುಗದಂತೆ ಹಿಡಿಯಲು ಹಾಕಿದ ಹೊಲಿಗೆಯೇ ಅದರ ಸೊಗಸೂ ಆಗಿದೆ. 2019ರ ಜುಲೈ 5ರಂದು ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಚರ್ಮದ ಪೆಟ್ಟಿಗೆಯನ್ನು ಬಿಟ್ಟು ಕೆಂಪು ಬಟ್ಟೆಯ ಹೊದಿಕೆಯಲ್ಲಿ ಆಯವ್ಯಯ ಪತ್ರವನ್ನು ತಂದಾಗ ದೇಶದ ಪತ್ರಿಕೆಗಳು ಅದನ್ನು ಬಹಿಖಾತೆಯೆಂದೇ ಕರೆದವು.

ಪೂರ್ವದೇಶದ ಕಟ್ಟು ಮತ್ತು ಧಾರವಾಡದ ಕಸೂತಿ

ಚೀನ, ಜಪಾನ್, ಕೊರಿಯಾಗಳಲ್ಲಿ ಬೇರೊಂದು ಮಾರ್ಗ ಬೆಳೆಯಿತು. ಅಲ್ಲಿನ ತೆಳುಗಾಗದದ ಒಂದೇ ಮಗ್ಗುಲಿಗೆ ಮುದ್ರಿಸಿ, ಮಡಿಕೆ ಹೊರಅಂಚಿಗೆ ಬರುವಂತೆ ಹಾಳೆಗಳನ್ನು ಪೇರಿಸಿ, ಬಿಡಿ ಅಂಚುಗಳಿರುವ ಬೆನ್ನಿನ ಪಕ್ಕದಲ್ಲಿ ಮೇಲಿಂದ ಕೆಳಗೆ ರಂಧ್ರ ಕೊರೆದು ಹೊಲಿಯುತ್ತಾರೆ. ಚೀನದಲ್ಲಿ ಮಿಂಗ್ ಅರಸರ ಕಾಲದಲ್ಲಿ ಇದು ಬಹಳ ಬಳಕೆಗೆ ಬಂದಿತು. ಜಪಾನಿನಲ್ಲಿ ನಾಲ್ಕು ರಂಧ್ರಗಳ ಕಟ್ಟು ಸಾಮಾನ್ಯ. ಕೊರಿಯಾದಲ್ಲಿ ಐದು ರಂಧ್ರಗಳ ಕಟ್ಟು ವಾಡಿಕೆ. ಚೀನದ ಸಾಮ್ರಾಟ ಕಾಂಗ್‌ಷಿಯ ಹೆಸರಿನ ಕಟ್ಟಿನಲ್ಲಿ ಮೂಲೆಗಳಿಗೆ ಒಂದೊಂದು ಹೆಚ್ಚಿನ ರಂಧ್ರವಿದ್ದು, ಬೇಗ ಸವೆಯುವ ಮೂಲೆಗಳನ್ನು ದಾರ ಬಿಗಿದು ಕಾಪಾಡುತ್ತದೆ. ಇನ್ನಷ್ಟು ರಂಧ್ರಗಳನ್ನು ಸೇರಿಸಿದರೆ ಸೆಣಬಿನ ಎಲೆಯ ವಿನ್ಯಾಸ, ಆಮೆಯ ಚಿಪ್ಪಿನ ವಿನ್ಯಾಸ ಮೂಡುತ್ತವೆ.

ಈ ಹೊಲಿಗೆಯ ನಡೆಯನ್ನು ಗಮನವಿಟ್ಟು ನೋಡಿದರೆ ಕನ್ನಡ ಗೃಹಿಣಿಯರಿಗೆ ಅದು ತವರಿನ ವಿದ್ಯೆಯಂತೆ ಕಂಡೀತು. ದಾರ ಮೊದಲ ಸಲ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತದೆ. ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಕೊನೆಯಲ್ಲಿ ಮುಂಭಾಗ ಹಿಂಭಾಗಗಳೆರಡರಲ್ಲಿಯೂ ಒಂದೇ ಬಗೆಯ ಅಖಂಡ ಗೆರೆ ಉಳಿಯುತ್ತದೆ. ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಸಾಗುವುದೂ ಹೀಗೆಯೇ. ಗಂಟಿಲ್ಲದೆ ಆರಂಭಿಸಿ, ಗಂಟಿಲ್ಲದೆ ಮುಗಿಸಿ, ಬಟ್ಟೆಯ ಎರಡೂ ಮಗ್ಗುಲು ಸಮನಾಗಿ ಕಾಣುವಂತೆ ಹೊಲಿಯುವುದು ಅದರ ಹಿರಿಮೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆಗಳನ್ನು ಮೂಡಿಸಿದ ಬೆರಳುಗಳಿಗೆ ಈ ಕಟ್ಟು ಕಷ್ಟವಾಗಲಾರದು. ಜಪಾನಿಗೂ ಧಾರವಾಡಕ್ಕೂ ಇಲ್ಲಿ ಕೊಡುಕೊಳೆ ನಡೆಯಿತೆಂದು ಭಾವಿಸಬೇಕಾಗಿಲ್ಲ. ಎರಡೂ ಕಡೆಗೆ ಕಾಣಬೇಕಾದ ಗೆರೆಯನ್ನು ಒಂದೇ ದಾರದಿಂದ ಎಳೆಯಹೊರಟ ಕೈಗಳು ಒಂದೇ ದಾರಿಯನ್ನು ಕಂಡುಕೊಂಡಿವೆ.

ಈ ಕಟ್ಟಿಗೆ ಒಂದು ಮಿತಿಯೂ ಇದೆ. ಹೊಲಿಗೆ ಒಳಅಂಚಿನ ಸ್ವಲ್ಪ ಭಾಗವನ್ನು ನುಂಗುತ್ತದೆ. ಅಲ್ಲಿನ ಮೃದುವಾದ ಕಾಗದಕ್ಕೆ ಅದು ಹೊಂದುತ್ತದೆ. ನಮ್ಮ ಗಡಸು ಕಾಗದದ ದಪ್ಪ ಪುಸ್ತಕಕ್ಕೆ ಹಾಕಿದರೆ ಓದುಗ ಪುಸ್ತಕವನ್ನು ಎರಡೂ ಕೈಗಳಿಂದ ಸೀಳಿ ಹಿಡಿಯಬೇಕಾಗುತ್ತದೆ.

ತುದಿಯ ರೇಷ್ಮೆ

ಪುಸ್ತಕದ ಬೆನ್ನಿನ ಮೇಲ್ತುದಿ ಮತ್ತು ಕೆಳತುದಿಗಳಲ್ಲಿ ಬಣ್ಣದ ದಾರದ ಸಣ್ಣ ಪಟ್ಟಿಯೊಂದು ಇಣುಕುವುದನ್ನು ಅನೇಕರು ಕಂಡಿರಬಹುದು. ಕಪಾಟಿನಿಂದ ಪುಸ್ತಕವನ್ನು ತೆಗೆಯುವಾಗ ಬೆರಳು ಮೊದಲು ಎಳೆಯುವುದು ಈ ತುದಿಯನ್ನೇ. ಅಲ್ಲಿ ಬಲ ತುಂಬಲೆಂದು ಪ್ರತಿ ಫಾರಮಿನ ಮಡಿಕೆಗೂ ದಾರವನ್ನು ಇಳಿಸಿ ಕಟ್ಟುತ್ತಿದ್ದರು. ಇಸ್ಲಾಮೀ ಜಗತ್ತಿನ ಕಟ್ಟುಗಾರರು ಎರಡು ಬಣ್ಣದ ರೇಷ್ಮೆಯನ್ನು ಅಲ್ಲಿ ನೇಯ್ದು, ಬಾಣದ ತುದಿಗಳನ್ನು ಸಾಲಾಗಿ ಜೋಡಿಸಿದಂಥ ವಿನ್ಯಾಸವನ್ನು ಮೂಡಿಸಿದರು. ಕರ್ನಾಟಕಕ್ಕೂ ಈ ಗ್ರಂಥಸಂಸ್ಕೃತಿಗೂ ನಂಟುಂಟು. ಬಿಜಾಪುರದ ಆದಿಲಶಾಹಿಗಳ ಗ್ರಂಥಸಂಗ್ರಹದಲ್ಲಿ ಉಳಿದು, ಅಸಾರ್ ಮಹಲಿನಲ್ಲಿದ್ದ ಅರಬ್ಬಿ ಪಾರಸಿ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ನಡುವೆ ಲಂಡನ್ನಿಗೆ ಸಾಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇಂದಿನ ರಟ್ಟುಕಟ್ಟಿನ ಪುಸ್ತಕದಲ್ಲಿಯೂ ಆ ಬಣ್ಣದ ಪಟ್ಟಿ ಕಾಣುತ್ತದೆ. ಆದರೆ ಹೆಚ್ಚಿನಂಶ ಅದು ಯಂತ್ರದಲ್ಲಿ ನೇಯ್ದು, ತುಂಡರಿಸಿ, ಅಂಟಿಸಿದ ಪಟ್ಟಿ. ಅದು ಯಾವ ಮಡಿಕೆಯನ್ನೂ ಹಿಡಿದಿಲ್ಲ. ಚರ್ಮದ ಕಟ್ಟಿನ ಬೆನ್ನಿನ ಮೇಲಿನ ಅಡ್ಡದಿಂಡುಗಳ ಕಥೆಯೂ ಇದೇ. ಒಂದು ಕಾಲದಲ್ಲಿ ಅವು ಹೊಲಿಗೆಗೆ ಆಧಾರವಾದ ನಿಜವಾದ ಹುರಿಗಳು. ಮುಂದೆ ಹುರಿಗಳನ್ನು ಗರಗಸದ ಗೀರುಗಳಲ್ಲಿ ಅಡಗಿಸಿ, ಬೆನ್ನಿನ ಮೇಲೆ ಸುಳ್ಳು ದಿಂಡುಗಳನ್ನು ಅಂಟಿಸುವ ಪದ್ಧತಿ ಬಂದಿತು. ಕೆಲಸ ಹೋಯಿತು, ಅಲಂಕಾರ ಮಾತ್ರ ಉಳಿಯಿತು.

ಮುಂದಿನ ಹಂತದಲ್ಲಿ ಹೊಲಿಗೆಯೇ ಮರೆಯಾಯಿತು. 1836ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾನ್‌ಕಾಕ್ ಎಂಬಾತ ಮಡಿಕೆಗಳನ್ನು ಕತ್ತರಿಸಿ, ಬಿಡಿ ಹಾಳೆಗಳ ಬೆನ್ನಿಗೆ ರಬ್ಬರಿನ ದ್ರಾವಣವನ್ನು ಸವರಿ ಕಟ್ಟುವ ವಿಧಾನಕ್ಕೆ ಪೇಟೆಂಟು ಪಡೆದನು. ಪುಸ್ತಕ ಚೆನ್ನಾಗಿಯೇ ತೆರೆದುಕೊಂಡಿತು. ಆದರೆ ವರ್ಷಗಳು ಕಳೆದಂತೆ ರಬ್ಬರು ಒಣಗಿ, ಹಾಳೆಗಳು ಶರತ್ಕಾಲದ ಎಲೆಗಳಂತೆ ಉದುರಿದವು. ಹೊಲಿಗೆಯನ್ನು ಉಳಿಸಿಕೊಂಡೇ ವೇಗವನ್ನು ಹೆಚ್ಚಿಸಿದ ಯಂತ್ರವನ್ನು ಅದೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಡೇವಿಡ್ ಸ್ಮೈತ್ ರೂಪಿಸಿದನು. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಬಿಸಿ ಅಂಟಿನ ಯಂತ್ರಗಳು ಬಂದಮೇಲೆ ಅಗ್ಗದ ಪುಸ್ತಕಗಳ ಲೋಕವನ್ನು ಅಂಟೇ ಆಳತೊಡಗಿತು.

ಪ್ರವಾಹ ಕಲಿಸಿದ ಪಾಠ

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿ ಉಕ್ಕಿ ಹರಿಯಿತು. ರಾಷ್ಟ್ರೀಯ ಕೇಂದ್ರ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಅನೇಕ ದೇಶಗಳ ತಜ್ಞರೂ ಸ್ವಯಂಸೇವಕ ತರುಣರೂ ಅಲ್ಲಿಗೆ ಧಾವಿಸಿದರು. ಇಂಗ್ಲೆಂಡಿನಿಂದ ಪೀಟರ್ ವಾಟರ್ಸ್ ಅವರ ನಾಯಕತ್ವದಲ್ಲಿ ಹೋದ ಕಟ್ಟುಗಾರರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಒಬ್ಬರು. ಒದ್ದೆ ಪುಸ್ತಕಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಮೆದುವಾದ ಚರ್ಮಪತ್ರದ ಹೊದಿಕೆಯಲ್ಲಿ, ಅಂಟನ್ನು ಬಹುಮಟ್ಟಿಗೆ ಬಳಸದೆ, ದಾರವನ್ನೇ ನಂಬಿ ಕಟ್ಟಿದ್ದ ಹಳೆಯ ಪುಸ್ತಕಗಳು ಆಡಂಬರದ ಕಟ್ಟುಗಳಿಗಿಂತ ಚೆನ್ನಾಗಿ ಉಳಿದಿದ್ದವು. ಕ್ಲಾರ್ಕ್‌ಸನ್ 1982ರಲ್ಲಿ ಪ್ರಕಟಿಸಿದ ಪ್ರಬಂಧ ಈ ಸರಳ ಕಟ್ಟಿಗೆ ಗ್ರಂಥಸಂರಕ್ಷಣೆಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿತು.

ಬೆನ್ನನ್ನು ಮುಚ್ಚದೆ ಹೊಲಿಗೆಯನ್ನೇ ತೋರಿಸುವ ಕಲೆ ಮುಂದೆ ಹೊಸದಾಗಿ ಚಿಗುರಿತು. 1980ರ ದಶಕದಲ್ಲಿ ಬೆಲ್ಜಿಯಂನ ಆನ್ ಗೋಯ್ ಎಂಬಾಕೆ, ಜಪಾನೀ ಕಟ್ಟಿನ ಸೊಗಸೂ ಚಪ್ಪಟೆಯಾಗಿ ತೆರೆಯುವ ಅನುಕೂಲವೂ ಒಂದಾಗುವಂತೆ ದಾರಗಳು ಕತ್ತರಿಯಾಡುವ ಕಟ್ಟೊಂದನ್ನು ರೂಪಿಸಿದರು. ಅದು ಕೈಯಿಂದ ಕೈಗೆ ದಾಟುತ್ತಾ, ಯಾವುದೋ ಪುರಾತನ ರಹಸ್ಯವೆಂದು ತಿಳಿದವರಿಂದ 'ಬೆಲ್ಜಿಯಂನ ಗುಪ್ತ ಕಟ್ಟು' ಎಂಬ ಹೆಸರನ್ನು ಪಡೆಯಿತು. ಅಮೆರಿಕದ ಕೀತ್ ಸ್ಮಿತ್ 1990ರ ದಶಕದಲ್ಲಿ ಅಂಟಿಲ್ಲದ ಕಟ್ಟುಗಳನ್ನು ಕುರಿತು ಹಲವು ಸಂಪುಟಗಳನ್ನು ಹೊರತಂದು, ಪ್ರತಿ ಹೊಲಿಗೆಯ ದಾರಿಯನ್ನೂ ರೇಖಾಚಿತ್ರಗಳಲ್ಲಿ ತೋರಿಸಿಕೊಟ್ಟರು.

ನಮ್ಮ ಕಪಾಟಿನ ಪುಸ್ತಕಗಳು

ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಏಳಬಹುದು. ಊರು ಬಿಟ್ಟು ಬರುವಾಗ ಟ್ರಂಕಿನ ತಳದಲ್ಲಿ ತಂದ ಭಾರತ, ಜೈಮಿನಿ, ಕಾದಂಬರಿಗಳು ಅನೇಕ ಮನೆಗಳಲ್ಲಿವೆ. ಬೆಂಗಳೂರಿನಲ್ಲಿರುವವರು ಒಂದು ಪ್ರತಿ ಕೆಟ್ಟರೆ ಇನ್ನೊಂದನ್ನು ಹುಡುಕಿಯಾರು. ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಕಡಲಗಾಳಿಯ ತೇವಕ್ಕೆ ಪಿನ್ನು ತುಕ್ಕು ಹಿಡಿದು ಹಾಳೆ ಕಳಚಿದರೆ, ಆ ಪುಸ್ತಕ ರದ್ದಿಯ ತಕ್ಕಡಿಗೆ ಹೋಗುವ ಸಂಭವವೇ ಹೆಚ್ಚು. ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಪಾಡಂತೂ ಇನ್ನೂ ಶೋಚನೀಯ. ಯಾವ ವರ್ಷ ಯಾರು ನಾಟಕವಾಡಿದರು, ಯಾರು ಶಾಲೆಗೆ ಹಣ ಕೂಡಿಸಿದರು ಎಂಬ ವಿವರ ಅವುಗಳನ್ನು ಬಿಟ್ಟು ಬೇರೆಡೆ ಸಿಗುವುದು ಕಷ್ಟ.

ಮೊದಲು ಪುಸ್ತಕದ ಪರೀಕ್ಷೆಯಾಗಬೇಕು. ಬೆನ್ನಿನ ತುದಿಯಲ್ಲಿ ಮಡಿಕೆಗಳ ಸಣ್ಣ ಸಣ್ಣ ಕಂತೆಗಳು ಕಂಡರೆ ಅದನ್ನು ಮತ್ತೆ ಮಡಿಕೆಯಲ್ಲಿಯೇ ಹೊಲಿಯಬಹುದು; ಸಾಧ್ಯವಾದರೆ ಹಳೆಯ ರಂಧ್ರಗಳನ್ನೇ ಬಳಸಬೇಕು. ಕಂತೆಗಳಿಲ್ಲದೆ ಕತ್ತರಿಸಿದ ಬಿಡಿ ಹಾಳೆಗಳಿದ್ದರೆ ಅದು ಅಂಟಿನ ಪುಸ್ತಕ. ತೆಳುವಾಗಿದ್ದು ಒಳಅಂಚು ಅಗಲವಾಗಿದ್ದರೆ ನಾಲ್ಕು ರಂಧ್ರಗಳ ಕಟ್ಟು ಅದಕ್ಕೆ ಒಪ್ಪುತ್ತದೆ. ಮೂಲೆಯನ್ನು ಮೆಲ್ಲಗೆ ಬಾಗಿಸಿದೊಡನೆ ಮುರಿಯುವಷ್ಟು ಕಾಗದ ಜೀರ್ಣವಾಗಿದ್ದರೆ ಸೂಜಿ ತಾಗಿಸಬಾರದು. ಹಸ್ತಪ್ರತಿಗಳನ್ನೂ ಅಪರೂಪದ ಮುದ್ರಣಗಳನ್ನೂ ಸಂರಕ್ಷಣೆಯ ತಜ್ಞರಿಗೇ ಬಿಡಬೇಕು. ಸೆಲ್ಲೊಟೇಪನ್ನು ಯಾವ ಪುಸ್ತಕಕ್ಕೂ ಹಚ್ಚಬಾರದು. ಅದರ ಅಂಟು ಕಾಲಕ್ರಮದಲ್ಲಿ ಹಳದಿಗಟ್ಟಿ, ಕಾಗದಕ್ಕಿಳಿದು ಕಲೆಯಾಗುತ್ತದೆ.

ನಡುವೆ ಪಿನ್ನು ಹೊಡೆದ ಸ್ಮರಣ ಸಂಚಿಕೆಗೆ ಬೇಕಾದುದು ಎಲ್ಲಕ್ಕಿಂತ ಸುಲಭವಾದ ಹೊಲಿಗೆ. ಮೊಂಡಾದ ಚಾಕುವಿನಿಂದ ಪಿನ್ನಿನ ಕಾಲುಗಳನ್ನು ಎತ್ತಿ, ಪಿನ್ನನ್ನು ಮೆಲ್ಲಗೆ ತೆಗೆಯಬೇಕು. ಮಡಿಕೆಯಲ್ಲಿ ಮೂರು ರಂಧ್ರಗಳಿರಲಿ: ನಡುವೆ ಒಂದು, ಮೇಲೊಂದು, ಕೆಳಗೊಂದು. ಮೇಣ ಸವರಿದ ದಾರವನ್ನು ನಡುವಿನ ರಂಧ್ರದಲ್ಲಿ ಒಳಗಿನಿಂದ ಹೊರಕ್ಕೆ ತೆಗೆದು, ಮೇಲಿನ ರಂಧ್ರದಲ್ಲಿ ಒಳಕ್ಕೆ ತರಬೇಕು. ಒಳಗೆ ನಡುವಿನ ರಂಧ್ರವನ್ನು ದಾಟಿ, ಕೆಳಗಿನ ರಂಧ್ರದಲ್ಲಿ ಹೊರಕ್ಕೆ ಒಯ್ದು, ಮತ್ತೆ ನಡುವಿನ ರಂಧ್ರದಲ್ಲಿಯೇ ಒಳಕ್ಕೆ ತರಬೇಕು. ದಾರದ ಎರಡು ತುದಿಗಳು ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ಇರುವಂತೆ ನೋಡಿಕೊಂಡು, ಅದರ ಮೇಲೆ ಬಿಗಿದು ಗಂಟು ಹಾಕಿದರೆ ಕೆಲಸ ಮುಗಿಯಿತು. ದಾರವನ್ನು ಎಳೆಯುವಾಗ ಬೆನ್ನಿನ ಉದ್ದಕ್ಕೇ ಎಳೆಯಬೇಕು. ಅಡ್ಡ ಎಳೆದರೆ ಕಾಗದ ಸೀಳುತ್ತದೆ.

ಒಂದು ಸಂಚಿಕೆಗೆ ಕಾಲು ಗಂಟೆಗಿಂತ ಹೆಚ್ಚು ಹಿಡಿಯದು. ಸಂಘದ ಕಚೇರಿಯ ಬೀರುವಿನಲ್ಲಿ ತುಕ್ಕು ಹಿಡಿಯುತ್ತಿರುವ ಹಳೆಯ ಸಂಚಿಕೆಗಳನ್ನು ಒಂದು ಭಾನುವಾರ ಹೊರತೆಗೆದು, ಕಸೂತಿ ಬಲ್ಲ ಹಿರಿಯರೊಬ್ಬರನ್ನು ನಡುವೆ ಕೂರಿಸಿ, ಮಕ್ಕಳ ಕೈಗೆ ಸೂಜಿ ಕೊಟ್ಟರೆ ಸಂಜೆಯ ಹೊತ್ತಿಗೆ ಹತ್ತಾರು ವರ್ಷಗಳ ಚರಿತ್ರೆ ಭದ್ರವಾಗುತ್ತದೆ. ಕನ್ನಡ ಓದಲು ಇನ್ನೂ ತಡವರಿಸುವ ಮಗುವೂ ತಾನೇ ಹೊಲಿದ ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡದೆ ಇರಲಾರದು.